ಹೂಕಾ ಜಲಪಾತದಿಂದ ಅರಾಟಿಯಾಟಿಯಾವರೆಗೆ: ವೈಕಾಟೊ ನದಿಯ ರಭಸವನ್ನು ಚಿತ್ರೀಕರಿಸುವ ಬಗೆ

ಪ್ರಶ್ನೆ: ನ್ಯೂಜಿಲೆಂಡಿನ ಟೌಪೊ ಬಳಿ ವೈಕಾಟೊ ನದಿಯ ದಂಡೆಯಲ್ಲಿ ಒಂದು ದಿನ ನಡೆದು, ಧುಮ್ಮಿಕ್ಕುವ ನೀರಿನ ಚಿತ್ರಗಳನ್ನು ತೆಗೆಯಬೇಕೆಂದಿದ್ದೇನೆ. ಹೂಕಾ ಜಲಪಾತ ಮತ್ತು ಅದಕ್ಕೂ ಕೆಳಗೆ ನದಿ ಕಮರಿಯೊಂದರಲ್ಲಿ ಬಂಡೆಗಳ ನಡುವೆ ಧುಮುಕುವ ಅರಾಟಿಯಾಟಿಯಾ, ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ಸಮಯ ಮೀಸಲಿಡಬೇಕು? ಹೋಗಿಬಂದವರು ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ: ನನ್ನನ್ನು ಕೇಳಿದರೆ ಅರಾಟಿಯಾಟಿಯಾಕ್ಕೇ ಮೀಸಲಿಡಿ, ಏಕೆಂದರೆ ಅಲ್ಲಿ ನೀರು ಗಡಿಯಾರ ನೋಡಿಕೊಂಡು ಬರುತ್ತದೆ. 1964ರಲ್ಲಿ ಅಣೆಕಟ್ಟೆ ಮತ್ತು ವಿದ್ಯುದಾಗಾರ ಬಂದಂದಿನಿಂದ ನದಿ ಹೆಚ್ಚಿನ ಹೊತ್ತು ಯಂತ್ರಗಳತ್ತ ತಿರುಗಿರುತ್ತದೆ. ಕಮರಿಯಲ್ಲಿ ಬರೀ ಬಂಡೆಗಳೂ ಅಲ್ಲಲ್ಲಿ ನಿಂತ ಹಸಿರು ಮಡುಗಳೂ ಕಾಣುತ್ತವೆ. ದಿನಕ್ಕೆ ಕೆಲವು ಬಾರಿ, ಸಾಮಾನ್ಯವಾಗಿ ಬೆಳಿಗ್ಗೆ 10, ಮಧ್ಯಾಹ್ನ 12 ಮತ್ತು 2 ಗಂಟೆಗೆ, ಬೇಸಿಗೆಯಲ್ಲಿ ಸಂಜೆ 4ಕ್ಕೂ, ಸೈರನ್ ಮೊಳಗಿಸಿ ಗೇಟುಗಳನ್ನು ತೆರೆಯುತ್ತಾರೆ. ದುರಸ್ತಿಯಿದ್ದಾಗ ಈ ವೇಳೆ ಬದಲಾಗಬಹುದಾದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಮೊದಲು ಬಂಡೆಗಳ ಸಂದಿಯಲ್ಲಿ ತೆಳ್ಳನೆಯ ನೀರೊಂದು ಹರಿದು ಬರುತ್ತದೆ. ಮೇಲಿನ ಮಡು ತುಂಬಿ ಕೆಳಗಿನದಕ್ಕೆ ಚೆಲ್ಲುತ್ತದೆ, ಅದು ತುಂಬಿ ಇನ್ನೂ ಕೆಳಗಿನದಕ್ಕೆ. ಕೆಲವೇ ನಿಮಿಷಗಳಲ್ಲಿ ಬಂಡೆಗಳು ಮುಳುಗಿ ಕಮರಿಯೆಲ್ಲ ಬೆಳ್ಳಗಾಗುತ್ತದೆ. ಸೈರನ್ನಿಗೆ ಸಾಕಷ್ಟು ಮೊದಲೇ ಕೆಳಗಿನ ವೀಕ್ಷಣಾ ತಾಣಕ್ಕೆ ಹೋಗಿ, ಟ್ರೈಪಾಡ್ ನಿಲ್ಲಿಸಿ, ಒಣ ಬಂಡೆಗಳ ಚಿತ್ರವೊಂದನ್ನು ತೆಗೆದುಕೊಂಡು, ಕ್ಯಾಮೆರಾವನ್ನು ಅಲುಗಿಸದೆ ಅದೇ ಚೌಕಟ್ಟಿನಲ್ಲಿ ಉಳಿದವನ್ನೂ ತೆಗೆಯಿರಿ. ಎಷ್ಟೇ ಆಸೆಯಾದರೂ ನದಿಯ ಪಾತ್ರಕ್ಕೆ ಮಾತ್ರ ಇಳಿಯಬೇಡಿ.

ಎರಡನೆಯ ಉತ್ತರ: ಮೇಲಿನವರ ಮಾತು ಸರಿ, ಆದರೆ ಹೂಕಾವನ್ನು ಕಡೆಗಣಿಸಬಾರದು. ಸುಮಾರು ನೂರು ಮೀಟರ್ ಅಗಲದ ನದಿ ಅಲ್ಲಿ ಹದಿನೈದು ಮೀಟರಿನ ಇಕ್ಕಟ್ಟಿಗೆ ನುಗ್ಗುತ್ತದೆ. ಸೆಕೆಂಡಿಗೆ 2,20,000 ಲೀಟರಿನಷ್ಟು ನೀರು. ಆ ತಿಳಿನೀಲಿ ಬಣ್ಣವನ್ನು ಉಳಿಸಿಕೊಳ್ಳಬೇಕಾದರೆ ನೊರೆಯ ಬಿಳುಪು ಸುಟ್ಟುಹೋಗದಂತೆ ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾದೊಳಗೆ ಬಿಡುವ ಬೆಳಕನ್ನು ಇಳಿಸಬೇಕು. ಷಟರ್ ಕಾಲು ಸೆಕೆಂಡಿನ ಆಸುಪಾಸು ತೆರೆದಿದ್ದರೆ ನೀರಿನ ಎಳೆಗಳು ಉಳಿಯುತ್ತವೆ. ಅದಕ್ಕೂ ಬಹಳ ಉದ್ದವಾದರೆ ಎಲ್ಲವೂ ಮಂಜಿನಂತಾಗಿ ನದಿಯ ಬಲವೇ ಕಾಣದಾಗುತ್ತದೆ, ಇದು ನನ್ನ ಅಭಿರುಚಿ. ಕಾಲುಸೇತುವೆಯ ಮೇಲೆ ಜನ ಓಡಾಡುವಾಗ ಟ್ರೈಪಾಡ್ ನಡುಗುತ್ತದೆ, ದಂಡೆಯೇ ಮೇಲು. ಅಲ್ಲಿ ಸೂರ್ಯ ಉತ್ತರದ ಕಡೆಯಿಂದ ಸಾಗುತ್ತಾನೆ ಎಂಬುದನ್ನೂ ಯೋಜನೆಯಲ್ಲಿ ಸೇರಿಸಿಕೊಳ್ಳಿ.

ಮೂರನೆಯ ಉತ್ತರ: ನಡಿಗೆಯ ಬಗ್ಗೆ ಎರಡು ಮಾತು. ಟೌಪೊದಲ್ಲಿ ನದಿಯ ದಂಡೆಯಲ್ಲಿರುವ ಸ್ಪಾ ಥರ್ಮಲ್ ಪಾರ್ಕಿನಿಂದ ಹೂಕಾಕ್ಕೆ ಸುಮಾರು ಒಂದು ಗಂಟೆ, ಅಲ್ಲಿಂದ ಅರಾಟಿಯಾಟಿಯಾಕ್ಕೆ ಎರಡು ಗಂಟೆಗೂ ಹೆಚ್ಚು; ಕ್ಯಾಮೆರಾ ಹೊತ್ತವರು ಇನ್ನಷ್ಟು ಹಿಡಿದುಕೊಳ್ಳಬೇಕು. ಟೌಪೊ ಸರೋವರವೇ ಸುಮಾರು 25,500 ವರ್ಷಗಳ ಹಿಂದಿನ ಮಹಾಸ್ಫೋಟದಲ್ಲಿ ಕುಸಿದುಂಟಾದ ಕುಳಿ. ಭೂಮಿಯ ಆ ಕಾವು ಪಾರ್ಕಿನ ಬಳಿ ಬಿಸಿನೀರಿನ ತೊರೆಯಾಗಿ ನದಿಗೆ ಸೇರುವುದನ್ನು ದಾರಿಯಲ್ಲೇ ನೋಡಬಹುದು. ಚಳಿಯ ಮುಂಜಾವಿನಲ್ಲಿ ಅಲ್ಲಿನ ಹಬೆ ಚಿತ್ರಕ್ಕೆ ಬಹಳ ಚೆನ್ನ, ಆದರೆ ಲೆನ್ಸ್ ಮಸುಕಾಗುವುದರಿಂದ ಒಣಬಟ್ಟೆ ಕೈಯಲ್ಲಿರಲಿ. ಬೆಳಗಾದೊಡನೆ ಹೊರಟರೆ ಹೂಕಾದಲ್ಲಿ ನಿಧಾನವಾಗಿ ಚಿತ್ರ ತೆಗೆದುಕೊಂಡು 2 ಗಂಟೆಯ ಗೇಟಿಗೆ ನಿರಾತಂಕವಾಗಿ ತಲುಪಬಹುದು. ದಾರಿ ಸುತ್ತಿಕೊಂಡು ಮೊದಲಿನ ಜಾಗಕ್ಕೆ ಬರುವುದಿಲ್ಲವಾದ್ದರಿಂದ ಮರಳಲು ವಾಹನವನ್ನು ಮೊದಲೇ ಗೊತ್ತುಮಾಡಿಕೊಳ್ಳಿ.