ತೊಗಲುಗೊಂಬೆ ಆಟ ಶೂಟ್ ಮಾಡುವಾಗ ಕಪ್ಪು ಪಟ್ಟೆ ಬರುತ್ತಿದೆ, ಏನು ಮಾಡಲಿ?

ಪ್ರಶ್ನೆ:
ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ತೊಗಲುಗೊಂಬೆ ಆಡಿಸುವ ಅಜ್ಜನ ಬಗ್ಗೆ 10 ನಿಮಿಷದ ಸಾಕ್ಷ್ಯಚಿತ್ರ ಮಾಡುತ್ತಿದ್ದೇನೆ. 2025ರಲ್ಲಿ ಇದೇ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗ ಈ ಆಸೆ ಹುಟ್ಟಿತು. ಪರದೆ ಹಿಂದೆ ಎಲ್‌ಇಡಿ ಬಲ್ಬ್ ಇತ್ತು. ಮನೆಗೆ ಬಂದು ನೋಡಿದರೆ ವಿಡಿಯೋ ತುಂಬ ಕಪ್ಪು ಪಟ್ಟೆಗಳು. ಅಜ್ಜ ಎರಡು ಗಂಟೆ ಹಾಡಿದ್ದರು. ತುಂಬ ಬೇಜಾರಾಯಿತು.

ಉತ್ತರ 1:
ನಮ್ಮ ಕರೆಂಟ್ 50 ಹರ್ಟ್ಸ್, ಬಲ್ಬ್ ಅದರ ಲಯಕ್ಕೆ ಕಣ್ಣಿಗೆ ಕಾಣದಷ್ಟು ಬೇಗ ಮಿನುಗುತ್ತದೆ; ಕ್ಯಾಮೆರಾ ಅದಕ್ಕೆ ಹೊಂದದಿದ್ದರೆ ಪಟ್ಟೆ ಬರುತ್ತದೆ. ಅದಕ್ಕೆ ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮ್ (ಚಿತ್ರ), ಶಟರ್ ವೇಗ 1/50 ಸೆಕೆಂಡ್ ಇಡಿ. ಎಕ್ಸ್‌ಪೋಶರ್ (ಕ್ಯಾಮೆರಾ ಎಷ್ಟು ಬೆಳಕು ತೆಗೆದುಕೊಳ್ಳಬೇಕು ಅನ್ನುವುದು) ಆಟೋದಲ್ಲಿ ಬಿಡಬೇಡಿ, ಗೊಂಬೆ ಸರಿದಾಗಲೆಲ್ಲ ಬೆಳಕು ಏರಿಳಿಯುತ್ತದೆ. ಸಾಧ್ಯವಾದರೆ ಒಂದು ಪ್ರಸಂಗವನ್ನಾದರೂ ಎಣ್ಣೆ ದೀಪದಲ್ಲಿ ಆಡಿಸಲು ಕೇಳಿ. ತೊಗಲನ್ನು ಹದ ಮಾಡಿ ತೆಳ್ಳಗೆ ಹೆರೆಯುವುದೇ ಬೆಳಕು ಒಳಗಿಂದ ಹಾಯಲಿ ಅಂತ. ದೀಪ ಅಲುಗಿದಾಗ ಗೊಂಬೆ ಉಸಿರಾಡಿದ ಹಾಗೆ ಕಾಣುತ್ತದೆ. ಅದನ್ನು ನೋಡಲೇಬೇಕು.

ಉತ್ತರ 2:
ಪರದೆಯ ಮುಂದೆಯೇ ಕೂರಬೇಡಿ ತಂಗಿ. ಹಿಂದೆ ಹೋಗಿ. ಹಾಡುವವರು, ತಾಳ ಹಾಕುವವರು, ಗೊಂಬೆ ಎತ್ತಿಕೊಡುವ ಮಕ್ಕಳು ಎಲ್ಲ ಅಲ್ಲೇ ಇರುತ್ತಾರೆ ಅಲ್ವಾ? ಅಜ್ಜನಿಗೆ ಕಾಲರ್ ಮೈಕ್ ಹಾಕಿ, ಜನರೇಟರ್ ದೂರ ಇಡಿಸಿ. ಪೂರ್ತಿ ಹಾಡು ಬೇರೆಯಾಗಿ ರೆಕಾರ್ಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಮನೆಯವರಿಗೆ ಕೊಡಿ. ಆ ರಾತ್ರಿಯ ಸಂಭಾವನೆ ಮೊದಲೇ ಕೊಟ್ಟುಬಿಡಿ. ಸುಮ್ನೆ ಆಡಿಸಬಾರದು.

ಪ್ರಶ್ನೆ ಕೇಳಿದವರು:
ಅಣ್ಣ, ಶಟರ್ ಬದಲಿಸಿದೆ, ಪಟ್ಟೆ ಹೋಯಿತು! ಅಮಾವಾಸ್ಯೆ ಮುಗಿದ ಮೇಲೆ ದೀಪ ಹಚ್ಚಿ ಆಡಿಸುತ್ತೇನೆ ಅಂದಿದ್ದಾರೆ ಅಜ್ಜ. ಎಣ್ಣೆ ನಾನೇ ಒಯ್ಯುತ್ತೇನೆ.