ದುಬೈನಿಂದ ಕಣ್ಣೂರಿಗೆ, ಅಲ್ಲಿಂದ ಘಾಟಿ ಹತ್ತಿ ವಿರಾಜಪೇಟೆಗೆ: ಸುಂಕ ಕಟ್ಟದೆ ಏನೇನು ತರಬಹುದು?

ಕುಶಾಲನಗರ ಕಾವೇರಿ: ಮದುವೆಗೆಂದು ದುಬೈನಿಂದ ಒಂದು ಸಂಸಾರ ಬರುತ್ತಿದೆ. ಗಂಡ, ಹೆಂಡತಿ, 12 ವರ್ಷದ ಹುಡುಗಿ, ಒಂದು ವರ್ಷದ ಕೂಸು. ಅಲ್ಲಿ ಹೋಗಿ ಮೂರು ವರ್ಷ ಆಯಿತು. ತರಬೇಕೆಂದಿರುವುದು 55 ಇಂಚಿನ ಟಿವಿ, 1,10,000 ರೂಪಾಯಿಯ ಹೊಸ ಫೋನ್, ನಾಲ್ಕು ಬಾಟಲಿ ವಿಸ್ಕಿ, ಅಲ್ಲೇ ಮಾಡಿಸಿದ ಸ್ವಲ್ಪ ಚಿನ್ನ. ತಲೆಗೆ 50,000 ಅಂದರೆ ನಾಲ್ವರಿಗೆ 2 ಲಕ್ಷ, ಎಲ್ಲಾ ಅದರೊಳಗೆ ಬರುತ್ತದಲ್ಲ?

ವಿರಾಜಪೇಟೆ ರೋಬಸ್ಟಾ: ಬರುತ್ತದೆ ಬಿಡಿ. ವಿಮಾನ ನಿಲ್ದಾಣದಲ್ಲಿ ಸುಂಕದ ವಸ್ತು ಇಲ್ಲದವರು ಹೋಗುವ ಗ್ರೀನ್ ಚಾನೆಲ್‌ನಲ್ಲಿ ಸೀದಾ ಹೊರಗೆ ಬಂದರಾಯಿತು, ಸಂಸಾರಸ್ಥರನ್ನು ಯಾರೂ ನಿಲ್ಲಿಸುವುದಿಲ್ಲ.

ಮಾಕುಟ್ಟ ಘಾಟಿ: ರೋಬಸ್ಟಾ ಅಣ್ಣ, ಸುಮ್ಮನೆ ಧೈರ್ಯ ಕೊಡಬೇಡಿ. ಕಾವೇರಿಯವರ ಲೆಕ್ಕದಲ್ಲಿ ಮೂರು ತಪ್ಪಿವೆ. 50,000 ಎನ್ನುವುದು 2016ರ ಬ್ಯಾಗೇಜ್ ನಿಯಮ. 2026ರ ಫೆಬ್ರವರಿ 2ರಿಂದ ಹೊಸ ನಿಯಮ ಬಂದು ಅದು 75,000 ಆಗಿದೆ. ವಿದೇಶಿ ಪ್ರವಾಸಿಗರಿಗೆ 15,000 ಇದ್ದದ್ದು 25,000. ಎರಡನೆಯದು, ಒಬ್ಬರ ಮಿತಿಯನ್ನು ಇನ್ನೊಬ್ಬರ ಮಿತಿಗೆ ಕೂಡಿಸುವ ಹಾಗಿಲ್ಲ. ಫೋನ್ ಒಬ್ಬರ ಲೆಕ್ಕಕ್ಕೇ ಬರಬೇಕು: 1,10,000ದಲ್ಲಿ 75,000 ಕಳೆದರೆ ಉಳಿಯುವುದು 35,000. ಅದರ ಮೇಲೆ ಶೇ. 38.5, ಅಂದರೆ 13,475 ರೂಪಾಯಿ. ಮೂಲ ಸುಂಕ ಶೇ. 35, ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್‌ಚಾರ್ಜ್, ಹಾಗೆ 38.5. ಮೂರನೆಯದು ಕೂಸಿನದು. ಎರಡು ವರ್ಷದೊಳಗಿನ ಮಗುವಿಗೆ ಬಳಸಿದ ಬಟ್ಟೆಬರೆ ಬಿಟ್ಟರೆ ಬೇರೆ ಮಿತಿಯೇ ಇಲ್ಲ.

ಸೋಮವಾರಪೇಟೆ ಏಲಕ್ಕಿ: ಟಿವಿಯನ್ನು ಯಾಕೆ ಬಿಟ್ಟಿರಿ ಘಾಟಿಯವರೇ? ಜನ ಮೋಸ ಹೋಗುವುದೇ ಅಲ್ಲಿ. ಎಲ್‌ಸಿಡಿ, ಎಲ್‌ಇಡಿ, ಪ್ಲಾಸ್ಮಾ ಯಾವುದೇ ಚಪ್ಪಟೆ ಟಿವಿಗೂ 2013ರ ಆಗಸ್ಟ್‌ನಿಂದ ಉಚಿತ ಮಿತಿ ಅನ್ವಯಿಸುವುದಿಲ್ಲ. 60,000ದ ಟಿವಿ ಆದರೆ ಪೂರ್ತಿ 60,000ದ ಮೇಲೆ ಸುಂಕ, 23,100 ರೂಪಾಯಿ. ಇಲ್ಲಿಯೇ ತೆಗೆದುಕೊಂಡರೆ ವಾರಂಟಿಯೂ ಸಿಗುತ್ತದೆ. ಲ್ಯಾಪ್‌ಟಾಪ್ ಮಾತ್ರ 18 ತುಂಬಿದವರಿಗೆ ಒಂದು, 75,000ದ ಲೆಕ್ಕದಿಂದ ಹೊರಗೆ.

ವಿರಾಜಪೇಟೆ ರೋಬಸ್ಟಾ: ಸರಿ, ಟಿವಿ ವಿಷಯ ಒಪ್ಪಿದೆ. ಬಾಟಲಿಯಲ್ಲಿ ತಕರಾರಿಲ್ಲವಲ್ಲ? ತಲೆಗೆ ಎರಡು.

ಮಾಕುಟ್ಟ ಘಾಟಿ: ಎರಡು ಬಾಟಲಿ ಅಲ್ಲ, ಎರಡು ಲೀಟರ್, ಅದೂ ದೊಡ್ಡವರಿಗೆ ಮಾತ್ರ. ಲೀಟರಿನದು ಒಂದು, 750 ಮಿಲಿಯದು ಎರಡು ಹಿಡಿದರೆ ಎರಡೂವರೆ ಲೀಟರ್ ಆಗಿ ಮಿತಿ ದಾಟಿತು. ಇನ್ನೊಂದು ಸಾಮಾನ್ಯ ಎಡವಟ್ಟು: ದುಬೈಯಲ್ಲಿ ಎರಡು ಲೀಟರ್ ಕೊಂಡವರು ಇಳಿದ ಮೇಲೆ ಇಲ್ಲಿನ ಡ್ಯೂಟಿ ಫ್ರೀ ಅಂಗಡಿಯಲ್ಲಿ ಮತ್ತೆ ಎರಡು ಕೊಳ್ಳುತ್ತಾರೆ. ಎರಡು ಕಡೆಯದೂ ಸೇರಿಯೇ ಎರಡು ಲೀಟರ್. ಆ ಬಾಟಲಿಯ ಬೆಲೆಯೂ 75,000ದೊಳಗೇ ಸೇರುತ್ತದೆ, ಅದೇನು ಪ್ರತ್ಯೇಕ ವಿನಾಯಿತಿ ಅಲ್ಲ. ಮಿತಿ ಮೀರಿದ ಮದ್ಯಕ್ಕೆ 38.5 ಅಲ್ಲ, ಅದಕ್ಕಿಂತ ಬಹಳ ಹೆಚ್ಚಿನ ದರ. ಸಿಗರೇಟು 100 ಕಡ್ಡಿ, ಇಲ್ಲವೇ ಸಿಗಾರ್ 25, ಇಲ್ಲವೇ ತಂಬಾಕು 125 ಗ್ರಾಂ. ಮೂರರಲ್ಲಿ ಒಂದು. ಇ-ಸಿಗರೇಟು ಒಂದೂ ಬೇಡ, 2019ರ ಕಾಯ್ದೆಯಲ್ಲಿ ಪೂರ್ತಿ ನಿಷೇಧ.

ಮತ್ತೆ, ಕಣ್ಣೂರಿನಿಂದ ಕೂಟುಪುಳ ದಾಟಿ ಮಾಕುಟ್ಟಕ್ಕೆ ಬರುವಾಗ ರಾಜ್ಯದ ಗಡಿಯೂ ದಾಟುತ್ತೀರಿ. ಬಾಟಲಿಯ ಬಿಲ್ಲು, ಬೋರ್ಡಿಂಗ್ ಪಾಸ್ ಡಿಕ್ಕಿಯೊಳಗಿನ ಸೂಟ್‌ಕೇಸಿನಲ್ಲಿ ಹೂತು ಹೋಗದೆ ಕೈಗೆ ಸಿಗುವಂತಿರಲಿ. ಅಬಕಾರಿಯವರು ಕೇಳುವುದು ಅದನ್ನೇ.

ಕುಶಾಲನಗರ ಕಾವೇರಿ: ಚಿನ್ನದ ಕತೆ? ಹೆಂಗಸರಿಗೆ 40 ಗ್ರಾಂ ಎನ್ನುತ್ತಾರೆ, ಇನ್ನು ಕೆಲವರು ಒಂದು ಲಕ್ಷ ಎನ್ನುತ್ತಾರೆ.

ಸೋಮವಾರಪೇಟೆ ಏಲಕ್ಕಿ: ಹಳೆಯ ನಿಯಮದಲ್ಲಿ ಎರಡೂ ಇತ್ತು ಕಾವೇರಿ, ಅದೇ ತಮಾಷೆ. ಹೆಂಗಸಿಗೆ 40 ಗ್ರಾಂ, ಆದರೆ ಬೆಲೆ 1 ಲಕ್ಷ ಮೀರಬಾರದು. ಗಂಡಸಿಗೆ 20 ಗ್ರಾಂ, 50,000 ಮೀರಬಾರದು. ಚಿನ್ನದ ಬೆಲೆ ಗಗನಕ್ಕೆ ಹೋದ ಮೇಲೆ ಒಂದು ಲಕ್ಷಕ್ಕೆ 40 ಗ್ರಾಂ ಎಲ್ಲಿಂದ ಬರಬೇಕು? ಗ್ರಾಂ ಲೆಕ್ಕ ಕಾಗದದಲ್ಲಷ್ಟೇ ಉಳಿದಿತ್ತು. 2026ರ ನಿಯಮ ಬೆಲೆಯ ಮಿತಿ ತೆಗೆದು ತೂಕ ಮಾತ್ರ ಉಳಿಸಿದೆ. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದವರಿಗೆ ಮಾತ್ರ ಇದು. ಹದಿನೈದು ದಿನ ದುಬೈ ಸುತ್ತಿ ಬಂದವರಿಗಿಲ್ಲ. ಆಭರಣ ಆಗಿರಬೇಕು. ಬಿಸ್ಕತ್ತು, ನಾಣ್ಯ ಈ ಲೆಕ್ಕಕ್ಕೆ ಬರುವುದಿಲ್ಲ.

ಗೋಣಿಕೊಪ್ಪ ಕರಿಮೆಣಸು: ಕೊರಳಲ್ಲಿ ಹಾಕಿಕೊಂಡು ಬಂದರೆ ಸ್ವಂತ ಬಳಕೆಯದು ಎಂದಾಗುವುದಿಲ್ಲವೇ?

ಸೋಮವಾರಪೇಟೆ ಏಲಕ್ಕಿ: ಇಲ್ಲ. ನಿಯಮದಲ್ಲಿ ಬಳಸಿದ ಖಾಸಗಿ ವಸ್ತುಗಳ ವ್ಯಾಖ್ಯೆಯೇ ಆಭರಣವನ್ನು ಹೊರಗಿಟ್ಟಿದೆ. ಇಲ್ಲಿಂದ ಒಯ್ದ ಒಡವೆಯೇ ಆದರೂ ರುಜುವಾತು ನಿಮ್ಮ ಹೆಗಲಿಗೆ. ಅದಕ್ಕೇ ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಬೇಕು. ಸರ್ಕಾರಿ ಮಾನ್ಯತೆಯ ಮೌಲ್ಯಮಾಪಕರಿಂದ ಪ್ರತಿ ಒಡವೆಯ ತೂಕ, ಶುದ್ಧತೆ ಬರೆಸಿ, ಫೋಟೋ ಅಂಟಿಸಿ, ಒಡವೆ ಸಮೇತ ಕೌಂಟರಿಗೆ ಹೋಗಬೇಕು. ಚೆಕ್-ಇನ್ ಲಗೇಜಿನಲ್ಲಿ ಹಾಕಿಬಿಟ್ಟರೆ ತೋರಿಸಲು ಏನೂ ಇರುವುದಿಲ್ಲ. ಇದಕ್ಕೆ ಒಂದು ಗಂಟೆ ಬೇರೆಯಾಗಿಯೇ ಇಟ್ಟುಕೊಳ್ಳಿ.

ಗೋಣಿಕೊಪ್ಪ ಕರಿಮೆಣಸು: ಹಾಗಾದರೆ ಹೊರದೇಶದಲ್ಲಿ ಮದುವೆ ಇಟ್ಟುಕೊಂಡವರು ಮನೆಯ ಕೊಡವ ಒಡವೆಗಳಾದ ಕೊಕ್ಕೆತಾತಿ, ಪತ್ತಾಕ್‌ಗೂ, ಮದುಮಗ ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಗೂ ಇದನ್ನೇ ಮಾಡಿಸಿದರೆ ಸಾಕು.

ಮಾಕುಟ್ಟ ಘಾಟಿ: ಸಾಕಾಗುವುದಿಲ್ಲ. ಅಜ್ಜಂದಿರ ಕಾಲದ್ದಾದರೆ ಇನ್ನೆರಡು ಕಾಯ್ದೆ ಅಡ್ಡ ಬರುತ್ತವೆ. ನೂರು ವರ್ಷ ದಾಟಿದ ಕುಶಲಕಲೆಯ ವಸ್ತು 1972ರ ಪುರಾವಸ್ತು ಕಾಯ್ದೆಯಲ್ಲಿ ಪುರಾವಸ್ತು, ಖಾಸಗಿಯವರು ಅದನ್ನು ದೇಶದಾಚೆ ಒಯ್ಯುವಂತಿಲ್ಲ. ಅನುಮಾನವಿದ್ದರೆ ಪುರಾತತ್ವ ಇಲಾಖೆಯಿಂದ ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರ ತರಬೇಕು. ಹಳೆಯ ಪೀಚೆಕತ್ತಿಯ ಹಿಡಿಯಲ್ಲಿ ಆನೆದಂತ ಇದ್ದರೆ ವನ್ಯಜೀವಿ ಕಾಯ್ದೆ. ಅದನ್ನು ಐನ್‌ಮನೆಯಲ್ಲೇ (ಕುಲದ ಮೂಲಮನೆ) ಬಿಟ್ಟು, ಹೊಸದಾಗಿ ಮಾಡಿಸಿದ ಬೆಳ್ಳಿಯದನ್ನು ಬಿಲ್ಲಿನ ಜೊತೆ ಒಯ್ಯುವುದೇ ಲೇಸು. ಅಲಗು ಇರುವುದರಿಂದ ಕೈಚೀಲಕ್ಕಂತೂ ಹಾಕುವ ಹಾಗಿಲ್ಲ. ಆ ದೇಶದ ಚಾಕು ಕಾನೂನನ್ನೂ ಮೊದಲೇ ನೋಡಿಕೊಳ್ಳಿ.

ವಿರಾಜಪೇಟೆ ರೋಬಸ್ಟಾ: ಕತ್ತಿಗೆ ಇಷ್ಟು ರಾಮಾಯಣವಾದರೆ ಕೋವಿಗೆ? ನಮಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ, ಹೊರಗಿನಿಂದ ಒಂದು ತಂದರೆ?

ಮಾಕುಟ್ಟ ಘಾಟಿ: ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ, 2019ರಲ್ಲಿ 2029ರವರೆಗೆ ಮುಂದುವರಿಸಿದ ವಿನಾಯಿತಿ ಆಯುಧ ಕಾಯ್ದೆಯದು. ಕಸ್ಟಮ್ಸ್‌ಗೂ ಅದಕ್ಕೂ ಸಂಬಂಧವಿಲ್ಲ. ಉಚಿತ ಮಿತಿ ಸಿಗದ ವಸ್ತುಗಳ ಪಟ್ಟಿ ಬ್ಯಾಗೇಜ್ ನಿಯಮದ ಮೊದಲ ಅನುಬಂಧ, ಅದರಲ್ಲಿ ಮೊದಲ ಸಾಲೇ ಬಂದೂಕು, ಎರಡನೆಯದು 50 ಮೀರಿದ ಕಾಡತೂಸು. ಕೋವಿ ಬಿಡಿ, ಬೇಟೆ ಚೀಲವನ್ನೇ ಪ್ರಯಾಣದ ಚೀಲ ಮಾಡಿಕೊಂಡವರು ಮೂಲೆಮೂಲೆ ತಡಕಿ ನೋಡಿ. ಮರೆತು ಉಳಿದ ಒಂದೇ ಒಂದು ಕಾಡತೂಸು ಸ್ಕ್ಯಾನರಿನಲ್ಲಿ ಕಂಡರೆ ವಿಮಾನ ತಪ್ಪಿದ ಹಾಗೆಯೇ.

ಕುಶಾಲನಗರ ಕಾವೇರಿ: ಅವರು ವಾಪಸ್ ಹೋಗುವಾಗ ಕಾಫಿಪುಡಿ, ಜೇನು, ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿರಸ), ಕೋಳಿಕರಿಗೆ ಹುರಿದ ಮಸಾಲೆಪುಡಿ ಕಟ್ಟಿಕೊಡಬೇಕೆಂದಿದೆ.

ಗೋಣಿಕೊಪ್ಪ ಕರಿಮೆಣಸು: ಕಾಫಿಪುಡಿಗೆ ತೊಂದರೆ ಇಲ್ಲ. ಮಸಾಲೆಯಲ್ಲಿ ಗಸಗಸೆ ಇದೆಯಾ ಅಕ್ಕ? ಇದ್ದರೆ ತೆಗೆಯಿರಿ. ಎಮಿರೇಟ್ಸ್‌ನಲ್ಲೂ ಸೌದಿಯಲ್ಲೂ ಗಸಗಸೆ ಮಾದಕವಸ್ತು ಪಟ್ಟಿಯಲ್ಲಿದೆ. ದಂಡ ಕಟ್ಟಿ ಮುಗಿಯುವ ವಿಷಯವಲ್ಲ, ಜೈಲು. ಪುಡಿ ಮಾಡಿದ್ದಾದರೆ ಗೊತ್ತಾಗುವುದಿಲ್ಲ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕಾಚಂಪುಳಿ ದ್ರವ, ಕೈಚೀಲದಲ್ಲಿ 100 ಮಿಲಿ ಮೀರಿದ ಶೀಶೆ ಬಿಡುವುದಿಲ್ಲ. ಮುಚ್ಚಳಕ್ಕೆ ಟೇಪು ಸುತ್ತಿ ಚೆಕ್-ಇನ್‌ಗೆ ಹಾಕಿ. ಸೋರಿದರೆ ಆ ಕಪ್ಪು ಕಲೆ ಜನ್ಮದಲ್ಲಿ ಹೋಗದು. ನ್ಯೂಜಿಲೆಂಡಿಗೆ ಹೋಗುವವರಾದರೆ ಜೇನು ಒಯ್ಯಲೇಬೇಡಿ, ಘೋಷಿಸದೆ ಸಿಕ್ಕಿಬಿದ್ದರೆ 400 ನ್ಯೂಜಿಲೆಂಡ್ ಡಾಲರ್ ದಂಡ. ಪಂದಿಕರಿ (ಹಂದಿಮಾಂಸದ ಸಾರು) ಯುರೋಪಿಗೂ ಬ್ರಿಟನ್ನಿಗೂ ಸಲ್ಲದು.

ವಿರಾಜಪೇಟೆ ರೋಬಸ್ಟಾ: ಇಷ್ಟೆಲ್ಲ ಇರುವಾಗ ಸುಂಕದ ವಸ್ತು ಘೋಷಿಸುವ ರೆಡ್ ಚಾನೆಲ್‌ಗೆ ಹೋದರೆ ಅರ್ಧ ದಿನ ಅಲ್ಲೇ ಕಳೆಯಬೇಕಾಗುತ್ತದೆ. ಅದಕ್ಕೇ ಗ್ರೀನ್ ಅಂದೆ.

ಸೋಮವಾರಪೇಟೆ ಏಲಕ್ಕಿ: ಅಣ್ಣ, ಗ್ರೀನ್ ಚಾನೆಲ್‌ಗೆ ಕಾಲಿಟ್ಟರೆ ನನ್ನಲ್ಲಿ ಸುಂಕದ ವಸ್ತು ಏನೂ ಇಲ್ಲ ಎಂದು ಹೇಳಿಕೆ ಕೊಟ್ಟ ಹಾಗೆಯೇ. ಆಮೇಲೆ ಸಿಕ್ಕರೆ ಸುಂಕದ ಜೊತೆ ಮುಟ್ಟುಗೋಲು, ಬಿಡಿಸಿಕೊಳ್ಳುವ ದಂಡ, ಬೇರೆಯಾಗಿ ಪೆನಾಲ್ಟಿ. ಘೋಷಿಸಿದವರಿಗೆ ಬರೀ ಸುಂಕ. ಕಸ್ಟಮ್ಸ್‌ನ ಅತಿಥಿ ಆ್ಯಪ್‌ನಲ್ಲಿ ಮೊದಲೇ ಘೋಷಣೆ ತುಂಬಿಸಬಹುದು. ಫೋನಿನ ಅಸಲಿ ಬಿಲ್ಲು ಜೊತೆಗಿರಲಿ, ಇಲ್ಲದಿದ್ದರೆ ಅಧಿಕಾರಿ ತಾನು ಕಂಡ ಬೆಲೆ ಹಾಕುತ್ತಾರೆ. ಕಟ್ಟಲು ಮನಸ್ಸಿಲ್ಲ ಅನಿಸಿದರೆ, ಘೋಷಿಸಿದ ವಸ್ತುವನ್ನು ಅಲ್ಲೇ ಒಪ್ಪಿಸಿ ರಸೀದಿ ಪಡೆದು, ವಾಪಸ್ ಹೋಗುವಾಗ ಬಿಡಿಸಿಕೊಳ್ಳಲು ಕಸ್ಟಮ್ಸ್ ಕಾಯ್ದೆಯ 80ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಬಂದದ್ದು ಕಣ್ಣೂರಿಗೆ, ಹೊರಡುವುದು ಬೆಂಗಳೂರಿನಿಂದ ಎಂದಾದರೆ ಮಾತ್ರ ಈ ದಾರಿ ತಲೆನೋವು.

ಕುಶಾಲನಗರ ಕಾವೇರಿ: ಹೊರಡುವುದೂ ಕಣ್ಣೂರಿನಿಂದಲೇ. ಟಿವಿ ಬೇಡ ಅಂತ ಇವತ್ತೇ ಫೋನ್ ಮಾಡುತ್ತೇನೆ. ಗಸಗಸೆ ಆಗಲೇ ಹುರಿದಾಗಿತ್ತು, ಇನ್ನು ಅದನ್ನು ಮದುವೆ ಊಟದ ಕೋಳಿಗೇ ಹಾಕಿಸುವುದು.