ಋಣ ಸಂಖ್ಯೆಯನ್ನು ಕಳೆದರೆ ಜಾಸ್ತಿ ಆಗುವುದು ಹೇಗೆ? ಮಗಳಿಗೆ ಹೇಗೆ ಹೇಳಿಕೊಡಲಿ?

ಬದಿಯಡ್ಕದ ಅಮ್ಮ:
ಮಗಳು ಏಳನೇ ಕ್ಲಾಸು, ಕನ್ನಡ ಮೀಡಿಯಂ. ಕೂಡಿಸುವ ಲೆಕ್ಕ ಸಲೀಸಾಗಿ ಮಾಡುತ್ತಾಳೆ. ಅಂಗಡಿಯಲ್ಲಿ 350 ಸಾಲ, ಅಂದರೆ −350, ಕೈಯಲ್ಲಿ 500 ಇದೆ, ಒಟ್ಟು 150. ಆದರೆ −350 − (−200) ಬಂದ ಕೂಡಲೇ ಪೆನ್ಸಿಲು ಕೆಳಗಿಡುತ್ತಾಳೆ. "ಎರಡು ಮೈನಸ್ ಸೇರಿದರೆ ಪ್ಲಸ್" ಅಂತ ಬಾಯಿಪಾಠ ಮಾಡಿಕೊಂಡು −350 − 200 ಕ್ಕೂ 550 ಅಂತ ಬರೆದಿದ್ದಾಳೆ. "ಅಂಗಡಿಗೆ 200 ಕೊಟ್ಟೆವು ಅಂದುಕೋ, ಸಾಲ 150ಕ್ಕೆ ಇಳಿಯಿತು" ಅಂದೆ. "ಅಮ್ಮ, ಕೈಯಲ್ಲಿದ್ದ 200 ಹೋಯ್ತಲ್ವಾ, ನಮಗೇನು ಜಾಸ್ತಿ ಆಯ್ತು?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಪೆರ್ಲದ ಮಾಷ್ಟ್ರು:
ಮಗಳು ಕೇಳಿದ್ದು ತುಂಬಾ ಒಳ್ಳೆಯ ಪ್ರಶ್ನೆ. ಸಾಲ ತೀರಿಸುವುದು ಬೇರೆ, ಸಾಲ ಹೊಡೆದುಹಾಕುವುದು ಬೇರೆ. ತೀರಿಸಿದರೆ ಕೈಯ 500 ಇಳಿದು 300 ಆಗುತ್ತದೆ, ಸಾಲ −150 ಆಗುತ್ತದೆ, ಒಟ್ಟು ಮೊದಲಿನ 150 ರಲ್ಲೇ ನಿಲ್ಲುತ್ತದೆ. ಈಗ ಅಂಗಡಿಯವರು 200 ರೂಪಾಯಿಯ ಅಕ್ಕಿಯನ್ನು ತಪ್ಪಿ ಎರಡು ಸಲ ಬರೆದಿದ್ದಾರೆ ಅಂತ ಇಟ್ಟುಕೊಳ್ಳಿ. ನೀವು ತೋರಿಸಿದಿರಿ, ಅವರು ಅದರ ಮೇಲೆ ಪೆನ್ನಿನಲ್ಲಿ ಅಡ್ಡ ಗೆರೆ ಎಳೆದರು. ಅದೇ −(−200). ನಿಮ್ಮ ಕೈಯಿಂದ ಒಂದು ಪೈಸೆ ಹೋಗಲಿಲ್ಲ, ಸಾಲ −150 ಆಯಿತು, ಒಟ್ಟು 150 ಇದ್ದದ್ದು 350 ಆಯಿತು. ಹೊರಗಿನ ಮೈನಸ್ ಅಂದರೆ "ತೆಗೆ" ಅಂತ. ಬ್ರಾಕೆಟ್ಟಿನ ಒಳಗಿನದ್ದು "ಇದು ಸಾಲ" ಅನ್ನುವ ಗುರುತು. −350 − 200 ರಲ್ಲಿ ಯಾವ ಸಾಲವನ್ನೂ ತೆಗೆದಿಲ್ಲ, ಇದ್ದ ಸಾಲದ ಮೇಲೆ ಇನ್ನೂ 200 ಹೋಯಿತು, ಹಾಗಾಗಿ −550.

ನಮ್ಮ ಹಳೆಯ ಗಣಿತಜ್ಞ ಬ್ರಹ್ಮಗುಪ್ತ ಕ್ರಿ.ಶ. 628 ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತ ಅನ್ನುವ ಗ್ರಂಥ ಬರೆದಾಗಲೇ ಧನ, ಋಣ ಅನ್ನುವ ಮಾತಿನಲ್ಲೇ ಈ ನಿಯಮ ಕೊಟ್ಟಿದ್ದಾನೆ. ಸೊನ್ನೆಯಿಂದ ಋಣ ಕಳೆದರೆ ಧನ. ನೆಗೆಟಿವ್ ಅಂದರೆ ಮಗುವಿನ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಋಣ ಅಂದರೆ ಸಾಲ ಅಂತ ನಮ್ಮ ಮಕ್ಕಳಿಗೆ ಗೊತ್ತು, ಅದನ್ನು ಬಿಡಬೇಡಿ.

ಮುಳ್ಳೇರಿಯ ಅಡಿಕೆ ತೋಟ:
ಮುಂದೆ ಗುಣಾಕಾರ ಬರುತ್ತದೆ ಅಕ್ಕ, ನನ್ನ ಮಗ ಅಲ್ಲಿ ತುಂಬಾ ದಿನ ಒದ್ದಾಡಿದ. ಬಸ್ಸಿಗೆ ವಾರಕ್ಕೆ 100 ಖರ್ಚು, ಅಂದರೆ −100. ಇನ್ನು 4 ವಾರ ಹೋದರೆ 4 × (−100), ದುಡ್ಡು ಇಡುವ ಡಬ್ಬಿಯಲ್ಲಿ 400 ಕಮ್ಮಿ. 4 ವಾರದ ಹಿಂದೆ ಎಷ್ಟಿತ್ತು? ಹಿಂದೆ ಅಂದರೆ −4. ಆಗ ಈಗಿನದಕ್ಕಿಂತ 400 ಜಾಸ್ತಿ ಇತ್ತು, (−4) × (−100) = 400. ಡಬ್ಬಿ ಮುಂದಿಟ್ಟು ನೋಟು ಒಂದೊಂದೇ ವಾಪಸ್ ಹಾಕಿಸಿದೆ, ಆಮೇಲೆ ಅವನು ಮರೆಯಲಿಲ್ಲ.
−350, −200 ರಲ್ಲಿ ದೊಡ್ಡದು ಯಾವುದು ಅಂತಲೂ ಕೇಳಿ ನೋಡಿ. ಸಾಲ ಕಮ್ಮಿ ಇರುವ −200 ದೊಡ್ಡದು.

ಬದಿಯಡ್ಕದ ಅಮ್ಮ:
ನಿನ್ನೆ ರಾತ್ರಿ ಹಳೆ ಪಟ್ಟಿ ಪುಸ್ತಕ ತೆಗೆದು ಪೆನ್ನು ಅವಳ ಕೈಗೇ ಕೊಟ್ಟೆ. ಅಕ್ಕಿಯ ಲೆಕ್ಕಕ್ಕೆ ಗೆರೆ ಎಳೆದು, "ಇದು ಸಾಲ ತೆಗೆದದ್ದು, ದುಡ್ಡು ಕೊಟ್ಟದ್ದಲ್ಲ" ಅಂದಳು. ಆ 550 ಅನ್ನೂ ತಾನೇ ಅಳಿಸಿ −550 ಬರೆದಳು. ಮಾಷ್ಟ್ರೇ, ತುಂಬಾ ಉಪಕಾರ ಆಯಿತು. ಅಣ್ಣ, ಬಸ್ಸಿನ ಲೆಕ್ಕ ಇವತ್ತು ಮಾಡಿಸುತ್ತೇನೆ.